ದಣಿದ ಕರೆಂಟು

ಕರೆಂಟಿಗೂ ದಣಿವಾಗುತ್ತದೆ ಎಂದು ನಂಬಿದ್ದ ಮನುಷ್ಯ ಇಡೀ ಆಳಂದದಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಕಾಕಾ ಆಗಿದ್ದದ್ದು ನಮ್ಮ ಹಣೆಬರಹ.

ತೊಗರಿ ವ್ಯಾಪಾರದ ಮೇಲೆ ಮುಂಬೈಗೆ ಹೋದವರು ಅಲ್ಲಿಂದ ಒಂದು ವಿದೇಶಿ ಸೆಟ್ಟು ತಂದರು: ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್ಕು, ನನ್ನ ಎದೆಯೆತ್ತರದ ಎರಡು ಸ್ಪೀಕರು. ಅದರ ಕರೆಂಟಿನ ವೈರು ಹೆಬ್ಬೆರಳಿನಷ್ಟು ದಪ್ಪ, ಮೊಳದಷ್ಟು ಗಿಡ್ಡ. ನಿಜಕ್ಕೂ ಹೆಬ್ಬೆರಳಿನಷ್ಟಿತ್ತೇ? ಕಾಕಾನ ಮಗಳು, ಅಂದರೆ ನನ್ನ ತಂಗಿ, ಇಸ್ತ್ರಿಪೆಟ್ಟಿಗೆಯ ವೈರಿನಷ್ಟೇ ಇತ್ತು ಎನ್ನುತ್ತಾಳೆ. ನನ್ನ ನೆನಪಿಗೆ ಎಲ್ಲವನ್ನೂ ದಪ್ಪ ಮಾಡುವ ಚಟವಿದೆ. ಓದುವವರು ಸ್ವಲ್ಪ ಕಳೆದೇ ಓದಬೇಕು. ಗಿಡ್ಡವಿತ್ತು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ವೈರು ಗಿಡ್ಡವಾದರೆ ಲೋಕವೆಲ್ಲ ಎಕ್ಸ್‌ಟೆನ್ಷನ್ ಜೋಡಿಸುತ್ತದೆ. ಕಾಕಾ ಒಪ್ಪಲಿಲ್ಲ. ಮೀಟರಿನಿಂದ ಹೊರಟ ಕರೆಂಟು ದೂರ ನಡೆದಷ್ಟೂ ದಣಿಯುತ್ತದೆ, ದಣಿದ ಕರೆಂಟಿನಲ್ಲಿ ಹಾಡುವವರಿಗೂ ಏದುಸಿರು ಬರುತ್ತದೆ ಎಂಬುದು ಅವರ ವಾದ. ಆದ್ದರಿಂದ ಸೆಟ್ಟು ಮೀಟರಿನ ಕೆಳಗೇ ಕೂತಿತು. ಮೀಟರು ಇದ್ದದ್ದೆಲ್ಲಿ? ತಲಬಾಗಿಲಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ!

ಹೀಗಾಗಿ ಊರಿನ ಅತ್ಯುತ್ತಮ ಸಂಗೀತವನ್ನು ನಾವು ಚಪ್ಪಲಿಗಳ ನಡುವೆ ಕೂತು ಕೇಳಿದೆವು. ತಂಗಿಯನ್ನು ನೋಡಲು ಜೇವರ್ಗಿಯಿಂದ ಬಂದವರನ್ನೂ ಕಾಕಾ ಅಲ್ಲೇ ಕೂರಿಸಿ ಕ್ಯಾಸೆಟ್ ಹಾಕಿದರು. ಎರಡೂ ಬದಿ ಮುಗಿದ ಮೇಲೆ ಹುಡುಗನ ತಂದೆ ಮೆಲ್ಲಗೆ ಹೇಳಿದರು: “ಸಾವಕಾರ್ರ, ನಾವು ಬೀಗರಾಗಾಕ ಬಂದೀವ್ರಿ, ಚಪ್ಪಲಿ ಕಾಯಾಕ ಅಲ್ಲ. ಒಳಗ ಬರಬಹುದೇನ್ರಿ?”

ಬಸ್‌ಸ್ಟ್ಯಾಂಡ್ ಎದುರು ಕರೆಂಟ್ ಸಾಮಾನಿನ ಅಂಗಡಿ ಇಟ್ಟಿದ್ದ ಚಾಚಾ ಕಾಕಾನ ಹಳೆಯ ಗೆಳೆಯ. ಕಂಡಾಗೆಲ್ಲ ಕೆಣಕುತ್ತಿದ್ದರು.

“ಒಂದ್ ಎಕ್ಸ್‌ಟೆನ್ಷನ್ ಒಯ್ಯೋ ಸಾವಕಾರ. ಮಂದಿ ಒಳಗ ಕೂತು ಕೇಳ್ಲಿ.”

“ನಿನ್ನ ಚಹಾ ನಾಕು ಮಂದಿ ಬಾಯಿ ದಾಟಿ ಬಂದ್ರ ಕುಡೀತಿಯೇನು?”

“ಹಾಲು ಚಲೋ ಇದ್ರ ಕುಡೀತೇನಿ ಬಿಡು.”

ಇಷ್ಟೆಲ್ಲದರ ನಡುವೆ ಆ ಸೆಟ್ಟಿನ ಮುಂದೆ ಒಮ್ಮೆಯೂ ಕೂರದವರು ಒಬ್ಬರಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕು. ಮನೆಯ ಹಿಂಬದಿಯ ಅಡುಗೆಮನೆಯಲ್ಲಿ ಅವರ ಕೈ ಸದಾ ಜೋಳದ ಹಿಟ್ಟಿನಲ್ಲಿ, ಎದುರಿಗೆ ಗುಂಯ್ ಎನ್ನುವ ಪಂಪ್ ಸ್ಟೋವ್. “ಬಾ ಬೇ, ಒಮ್ಮಿ ಕೂತು ಕೇಳು,” ಎಂದು ಕಾಕಾ ಕೂಗಿದರೆ, “ಬಂದೇನ್ರಿ, ಇದೊಂದು ರೊಟ್ಟಿ,” ಎಂಬ ಉತ್ತರ. ಆ ಒಂದು ರೊಟ್ಟಿ ವರ್ಷಗಟ್ಟಲೆ ಮುಗಿಯಲಿಲ್ಲ.

ಮುಗಿದದ್ದು, ಸೋಲಾಪುರದ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ದಿನ. ಕಾಕುವನ್ನು ಕೊನೆಯ ಕೋಣೆಯಲ್ಲಿ ಮಲಗಿಸಿದರು. ಎತ್ತಿ ಕೂರಿಸಿದರೂ ನೋವು. ತಲಬಾಗಿಲಿಗೆ ತರುವ ಮಾತೇ ಇರಲಿಲ್ಲ. ಕಾಕಾ ಸೆಟ್ಟು ಹಚ್ಚುವುದನ್ನೇ ಬಿಟ್ಟರು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದುಕೊಂಡು ಚಾಚಾನ ಅಂಗಡಿಗೆ ಹೋದರು.

“ಎಕ್ಸ್‌ಟೆನ್ಷನ್ ಕೊಡು.”

ಚಾಚಾ ಗೆಳೆಯನ ಮುಖ ನೋಡಿದರು. “ಎಷ್ಟು ಉದ್ದ ಬೇಕು?” ಎಂದಷ್ಟೇ ಕೇಳಿದರು.

“ಆಕಿ ಹಾಸಿಗಿ ತನಕ.”

ಹೊಸ್ತಿಲುಗಳನ್ನು ದಾಟಿ ವೈರು ಒಳಗೆ ಹೋಯಿತು. ಸೆಟ್ಟನ್ನು ಹೊತ್ತು ಮಂಚದ ಪಕ್ಕ ಇಟ್ಟೆವು. ಕಾಕಾ ಗುಂಡಿ ಒತ್ತಿದರು. ಹಾಡು ಬಂತು, ಅದರ ಹಿಂದೆಯೇ ಗುಂಯ್ ಎಂಬ ಸಪ್ಪಳವೂ ಬಂತು. ಪ್ಲಗ್ಗು ಕಿತ್ತು ಮತ್ತೆ ಹಾಕಿದರು, ತಿರುವಿದರು, ವೈರು ಸರಿಸಿದರು. ಸಪ್ಪಳ ಹೋಗಲಿಲ್ಲ. ಅವರ ವಾದ ಗೆದ್ದಿತ್ತು. ಗೆದ್ದವರ ಮುಖ ಅಷ್ಟು ಬಾಡಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

“ಬಂದ್ ಮಾಡ್ತೇನಿ,” ಎಂದರು. “ನಿನಗ ಕೇಳಸಬೇಕಂತಿದ್ದದ್ದು ಇದಲ್ಲ.”

ಕಾಕು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಇರ್ಲಿರಿ. ನಾ ಅಡಿಗಿ ಮನ್ಯಾಗ ಕೂತು ಇದನ್ನೇ ಕೇಳೇನಿ. ಸ್ಟೋವಿನ ಸಪ್ಪಳ ಇಲ್ದಿದ್ರ ನನಗ ಹಾಡು ಅನಸೂದಿಲ್ಲ.”

ಅಷ್ಟು ನೆಟ್ಟಗೆ ಹೇಳಿದರೋ, ನಾನೇ ಆಮೇಲೆ ಮನಸ್ಸಿನಲ್ಲಿ ತಿದ್ದಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಸ್ಟೋವಿನ ಮಾತು ಬಂದದ್ದಂತೂ ನಿಜ. ಕಾಕಾ ಗುಂಡಿಯಿಂದ ಕೈ ತೆಗೆದದ್ದೂ ನಿಜ.

ಕಾಕು ಹೋದ ಮೇಲೆ ಸೆಟ್ಟು ಮೀಟರಿನ ಕೆಳಗೆ ವಾಪಸಾಗಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಖಾಲಿ ಮಂಚದ ಪಕ್ಕ ಕೂತಿದ್ದರು. ಸೆಟ್ಟಿನ ಕೆಂಪು ದೀಪ ಉರಿಯುತ್ತಿತ್ತು. ಡೆಕ್ಕಿನಲ್ಲಿ ಕ್ಯಾಸೆಟ್ ಇರಲಿಲ್ಲ, ಬರೀ ಗುಂಯ್. ಮರೆತಿರಬೇಕೆಂದು ಬಂದ್ ಮಾಡಲು ಕೈ ಚಾಚಿದೆ.

“ಬ್ಯಾಡ ತಮ್ಮಾ,” ಎಂದರು. “ಅಡಿಗಿ ನಡದದ.”