ಸೋಲಾರಿಗೆ ಸುಣ್ಣ, ಕೆಮ್ಮಣ್ಣು

ಚಟ್, ಚಟಚಟ, ಆಮೇಲೆ ಒಂದು ಕೆಮ್ಮು. ಬಹಳ ವರ್ಷ ನನಗೆ ಬೆಳಗಾಗುತ್ತಿದ್ದದ್ದು ಹೀಗೆ. ಲೋಕದಲ್ಲಿ ಕೆಲವರು ಕೋಳಿ ಕೂಗಿಗೆ ಏಳುತ್ತಾರೆ, ಕೆಲವರು ಅಲಾರ್ಮಿಗೆ ಏಳುತ್ತಾರೆ, ಇನ್ನು ಕೆಲವರು ಏಳಬೇಕಲ್ಲಾ ಎಂಬ ಚಿಂತೆಗೇ ಎದ್ದು ಕೂತಿರುತ್ತಾರೆ. ನಾನು ಏಳುತ್ತಿದ್ದದ್ದು ಬಚ್ಚಲೊಲೆಯಲ್ಲಿ ಹತ್ತಿಕಟ್ಟಿಗೆ ಸಿಡಿಯುವ ಸದ್ದಿಗೆ. ಕೆಮ್ಮು ನೀಲಕ್ಕನದು. ನೀಲಕ್ಕ ಎಂದರೆ ನನ್ನ ನೆಗೆಣ್ಣಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. "ಏ ಕಾನ್ವೆಂಟ, ನೀರು ಕಾದಾವ. ಏಳ್ತೀಯೋ, ಹಂಡೇನ ಹಾಸಿಗಿಗೆ ತಂದು ಸುರೀಲೋ?" ಎನ್ನುತ್ತಿದ್ದಳು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತ ನಾನು ಸಂಶಿಗೆ ಸೊಸೆಯಾಗಿ ಬಂದ ಮಾರನೇ ದಿನ ಅತ್ತೆಗೆ ಬಾಯಿತಪ್ಪಿ "ಗುಡ್ ಮಾರ್ನಿಂಗ್" ಅಂದಿದ್ದೆ. ಅತ್ತೆ ಏನೋ ಬೈಗುಳವೆಂದು ಗಾಬರಿಯಾದರು. ಅವತ್ತು ಅಂಟಿದ ಹೆಸರು ಅದು. ನನಗೊಂದು ತಂದೆತಾಯಿ ಇಟ್ಟ ಹೆಸರೂ ಇದೆ ಎನ್ನುವುದು ಈಗ ರೇಶನ್ ಕಾರ್ಡಿಗೆ ಮಾತ್ರ ಗೊತ್ತು.

ನಮ್ಮ ಬಚ್ಚಲೊಲೆಯ ಬಾಯಿ ಹಿತ್ತಲಿಗೆ. ಒಳಗೆ ಮೀಯುವವರು, ಹೊರಗೆ ಉರಿ ಹಾಕುವವರು, ನಡುವೆ ಒಂದು ಮಣ್ಣಿನ ಗೋಡೆ. ನೀಲಕ್ಕ ಹೊರಗೆ ಕೂತು ಕಟ್ಟಿಗೆ ಮುರಿದು ಒಳಗೆ ನೂಕುತ್ತ ಮಾತು ಶುರುಮಾಡುವಳು, ನಾನು ಒಳಗಿನಿಂದ ಚರಿಗೆ ಸುರಿದುಕೊಳ್ಳುತ್ತ ಉತ್ತರ ಕೊಡುವೆ. ಎದುರುಬದುರು ಇದ್ದಾಗ ನಾನು ಅವಳಿಗೆ "ರೀ" ಹಚ್ಚಿಯೇ ಮಾತಾಡಿದವಳು. ಗೋಡೆ ಅಡ್ಡ ಬಂದೊಡನೆ ಹೇಗೋ "ನೀ" ಆಗಿಬಿಡುತ್ತಿತ್ತು. ಅತ್ತೆಯ ಮೇಲಿನ ದೂರು, ನನಗೆ ಮಕ್ಕಳಾಗದ ದುಃಖ, ಇಬ್ಬರ ಯಜಮಾನರೂ ಒಬ್ಬರ ಹಿಂದೊಬ್ಬರು ಹೋದದ್ದು, ಎಲ್ಲ ಆ ಗೋಡೆಗೆ ಗೊತ್ತು. ಅಳು ಬಂದರೆ ಇನ್ನೊಂದು ಚರಿಗೆ ಸುರಿದುಕೊಂಡರಾಯಿತು, ಯಾವುದು ಕಣ್ಣೀರು ಯಾವುದು ಹಂಡೆಯ ನೀರು ಎಂದು ಕೇಳುವವರಿಲ್ಲ. ಕನ್ಫೆಶನ್ ಎನ್ನುವುದನ್ನು ನಾನು ಕಾನ್ವೆಂಟಿನಲ್ಲಿ ದೂರದಿಂದ ನೋಡಿದ್ದೆ. ಮಾಡಿದ್ದು ಮಾತ್ರ ಸಂಶಿಯ ಬಚ್ಚಲಲ್ಲಿ.

ಇಂಥ ಗೋಡೆಗೆ ಕಲ್ಲು ಹಾಕಿದವಳು ನಾನೇ, ರಿಬೇಟಿನ ಆಸೆಗೆ. ಎರಡು ಫ್ರಿಜ್ಜು, ಒಂದು ಹಿಟ್ಟಿನ ಗಿರಣಿ ಇರುವ ನಮ್ಮ ಮನೆ ಪುಕ್ಕಟೆ ಕರೆಂಟಿನ ಗೆರೆ ದಾಟಿ ಬಹಳ ದಿನವಾಗಿತ್ತು. ಸೋಲಾರಿನಲ್ಲಿ ನೀರು ಕಾಯಿಸುವ ಮನೆಗಳಿಗೆ ತಿಂಗಳ ಬಿಲ್ಲಿನಲ್ಲಿ ರಿಬೇಟು ಕೊಡುತ್ತಾರೆ ಎಂದು ಬಿಲ್ಲು ಕೊಡಲು ಬಂದ ಹುಡುಗಿ ಹೇಳಿದ್ದೇ ತಡ, ನನ್ನೊಳಗಿನ ಕಾನ್ವೆಂಟು ಎದ್ದು ನಿಂತಿತು. "ವೇಸ್ಟ್ ನಾಟ್, ವಾಂಟ್ ನಾಟ್" ಎಂದು ನಮ್ಮ ಸಿಸ್ಟರ್ ಸೀಮೆಸುಣ್ಣದ ಚೂರನ್ನೂ ಎಣಿಸಿ ಇಡುತ್ತಿದ್ದರು. ನನಗೆ ದುಡ್ಡಿನ ಆಸೆಗಿಂತ ಬಿಲ್ಲಿನಲ್ಲಿ ರಿಬೇಟಿನ ಮುಂದೆ ಬೀಳುವ ಮೈನಸ್ ಚಿಹ್ನೆಯ ಆಸೆ ದೊಡ್ಡದು. ಸರ್ಕಾರಿ ಕಾಗದದ ಮೇಲೆ ನಮ್ಮ ಮನೆಯ ಎಫಿಶಿಯೆನ್ಸಿಗೆ ಒಂದು ಸರ್ಟಿಫಿಕೇಟ್ ಇದ್ದ ಹಾಗಲ್ಲವೇ? ಸಾಲದ್ದಕ್ಕೆ ನೀಲಕ್ಕನ ಕೆಮ್ಮಿಗೆ ಹೊಗೆಯೇ ಕಾರಣ ಎಂದು ಡಾಕ್ಟರು ಅಂದಿದ್ದರು. ಆಸೆಗೆ ಒಂದು ಒಳ್ಳೆಯ ಕಾರಣ ಜೊತೆಗೆ ಸಿಕ್ಕರೆ ಮನುಷ್ಯನನ್ನು ಹಿಡಿಯುವವರಾರು.

ನೀಲಕ್ಕನ ಮಗ ಬಸು, ಹೊಲ ನೋಡಿಕೊಳ್ಳುವವನು, ತಲೆ ಕೆರೆದುಕೊಂಡ. "ಚಿಗವ್ವಾ, ಅವ್ವನ್ನ ಒಂದ್ಮಾತು ಕೇಳಿ ಹಾಕ್ಸೂಣು" ಅಂದ.

ಕೇಳಿದೆವು. "ಹಾಕಸ್ರಿ" ಅಂದಳು ನೀಲಕ್ಕ. "ಸೂರ್ಯಾ ಹೆಂಗೂ ಖಾಲಿ ಕುಂತಾನ. ಅವಗೂ ಒಂದು ಕೆಲಸ ಹತ್ತಲಿ."

ಸೋಲಾರು ಮಾಳಿಗೆ ಏರಿತು. ನಲ್ಲಿ ತಿರುವಿದರೆ ಬಿಸಿನೀರು. ಮೊದಲನೆಯ ದಿನ ನಾನು ಅಗದಿ ಖುಷಿಯಿಂದ ಮಿಂದೆ. ಎರಡನೆಯ ದಿನ ಸೋಪು ಹಚ್ಚಿಕೊಳ್ಳುತ್ತ, "ಅಲ್ಲ, ಆ ಬಾಜೂಮನಿ ಸರೋಜಿ ಯಾಕ ಹಂಗಂದಳು?" ಎಂದು ಗೋಡೆಗೆ ಕೇಳಿದೆ. ನೀಲಕ್ಕ ಪಡಸಾಲೆಯಲ್ಲಿ ಮೊಮ್ಮಗನ ಜೊತೆ ಟೀವಿ ನೋಡುತ್ತಿದ್ದಳು. ಆಮೇಲೆ ಪಡಸಾಲೆಯಲ್ಲೇ ಕೂತು ಮಾತಾಡಲು ನೋಡಿದೆವು. ಬರಲಿಲ್ಲ. ಮುಖ ಕಾಣುತ್ತಿತ್ತು, ಅದೇ ತೊಂದರೆ. "ಚಹಾ ಆತೇನ್ರಿ?" "ಆತವಾ." ಅಷ್ಟಕ್ಕೆ ಮುಗಿಯುತ್ತಿತ್ತು. ಹಂಡೆಯಲ್ಲಿ ನೀರು ಕಾಯುವ ತನಕ ಕಾಯಬೇಕಿತ್ತಲ್ಲ, ಆ ಕಾಯುವುದರಲ್ಲೇ ನಮ್ಮ ಮಾತೆಲ್ಲ ಇತ್ತೆಂದು ತೋರುತ್ತದೆ. ಇದನ್ನು ಯಾರಿಗೆ ಹೇಳುವುದು? ರಿಬೇಟಿಗೆ ಅರ್ಜಿ ಹಾಕಿದವಳು ಹಂಡೆಗೆ ಹಲುಬಿದರೆ ಜನ ನಗುತ್ತಾರೆ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ನಮ್ಮ ಕಡೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತೇವೆ. ಆ ಸಂಜೆ ನೀಲಕ್ಕ ಒಂದು ಡಬ್ಬಿ ಹಿಡಿದುಕೊಂಡು ಮಾಳಿಗೆ ಹತ್ತಿದ್ದನ್ನು ಕಂಡೆ. ಕುಂಬಳಸಂಡಿಗೆ ತರಲು ಹೋಗಿರಬೇಕು ಎಂದುಕೊಂಡೆ. ಮಾರನೇ ಬೆಳಗಿನ ಹಬ್ಬದ ಜಳಕಕ್ಕೆ ಟ್ಯಾಂಕಿನಲ್ಲಿ ಉಳಿದಿದ್ದ ನೀರು ಹೇಗೋ ಬೆಚ್ಚಗಿತ್ತು. ಅದರ ಮರುದಿನ, ಎರಡು ರಜೆಗಳ ನಡುವೆ ಸಿಕ್ಕಿಹಾಕಿಕೊಂಡ ಒಂದೇ ಒಂದು ಕೆಲಸದ ದಿನ, ರಿಬೇಟಿನ ಸಾಹೇಬರು ಪರೀಕ್ಷೆಗೆ ಬಂದೇಬಿಟ್ಟರು. ಅಂಥ ದಿನ ಯಾರೂ ಕೆಲಸಕ್ಕೆ ಬರುವುದಿಲ್ಲ. ನನ್ನ ನಸೀಬಿಗೆ ಇವರು ಬಂದರು.

ನಲ್ಲಿ ತಿರುವಿ ಕೈ ಹಿಡಿದರು. "ತಣ್ಣಗ ಅದಾವಲ್ರಿ ಮೇಡಮ್?"

"ಇಂಪಾಸಿಬಲ್" ಅಂದೆ ನಾನು.

ಎಲ್ಲರೂ ಮಾಳಿಗೆ ಹತ್ತಿದೆವು. ಬಿಸಿಲು ಭರ್ತಿ ಇತ್ತು. ಆ ಬಿಸಿಲಿನಲ್ಲಿ ನಮ್ಮ ಸೋಲಾರು ಮದುಮಗಳ ಹಾಗೆ ನಿಂತಿತ್ತು. ಗಾಜಿನ ಒಂದು ಕೊಳವೆಗೆ ಮೇಲಿಂದ ಕೆಳಗಿನ ತನಕ ಸುಣ್ಣ, ಪಕ್ಕದ್ದಕ್ಕೆ ಕೆಮ್ಮಣ್ಣು, ಮತ್ತೆ ಸುಣ್ಣ, ಮತ್ತೆ ಕೆಮ್ಮಣ್ಣು. ಟ್ಯಾಂಕಿನ ಹೊಟ್ಟೆಗೆ ವಿಭೂತಿ. ಸುತ್ತಲೂ ಹಿಂಡಲಕಾಯಿ ಬಳ್ಳಿ. ಸೂರ್ಯ ಒಳಗೆ ಬರಲು ಒಂದು ಬೆರಳಗಲ ಜಾಗ ಇರಲಿಲ್ಲ.

ಸಾಹೇಬರು ಒಂದು ಕೊಳವೆಯ ಮೇಲೆ ಬೆರಳು ತಿಕ್ಕಿ ನೋಡಿದರು. "ಇದನ್ನ ಯಾರು ಬಳದಾರ್ರಿ?"

"ನಾನ ರೀ" ಅಂದಳು ನೀಲಕ್ಕ. "ನೀರು ಕಾಸೂದು ಇದು ಅಂದಮ್ಯಾಲೆ ಪೂಜಿ ಇದಕ್ಕಲ್ಲೇನ್ರಿ? ವರ್ಷಾ ಹಂಡೇಕ ಮಾಡ್ತಿದ್ವಿ. ಈ ವರ್ಷ ಕೆಲಸಾ ಮಾಡೋ ಇದನ್ನ ಬಿಟ್ಟು, ಖಾಲಿ ಕುಂತ ಹಂಡೇಕ ಮಾಡಿದ್ರ ಇದು ಸಿಟ್ಟಾಗೂದಿಲ್ಲ?"

ಸಾಹೇಬರು ಕೈಯಲ್ಲಿದ್ದ ಅರ್ಜಿ ತಿರುವಿದರು. ಅವರು ವಿಷಯ ಬದಲಿಸಿದರು. "ಮೊದಲ ಗೀಜರ್ ಇತ್ತೇನ್ರಿ ಮೇಡಮ್?"

"ಇಲ್ಲ, ಹಂಡೆ."

"ಹಂಗಾರ ಇದರಿಂದ ಕರೆಂಟ್ ಏನು ಉಳೀತ್ರಿ?"

ನಾನು "ಇನ್ ಪ್ರಿನ್ಸಿಪಲ್..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನೀಲಕ್ಕ, "ಉಳಿದದ್ದು ಹತ್ತಿಕಟಿಗೀರಿ ಸಾಹೇಬ್ರ. ಬೇಕಾದ್ರ ನಿಮ್ಮ ಆಫೀಸಿಗೆ ಒಂದು ಹೊರಿ ಕಳಸ್ತೇವಿ" ಅಂದಳು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಕರಿಗಡಬು ತಿಂದು, ಸುಣ್ಣ ತೊಳೆದು ಹೇಳಿ ಕಳಿಸಿರಿ ಎಂದು ಹೋದರು. ಬಸು ತೊಳೆದ. ಅವರು ಮತ್ತೆ ಬಂದು ಒಪ್ಪಿಗೆ ಕೊಟ್ಟರು. ಬಿಲ್ಲಿನ ಮೇಲೆ ಮೈನಸ್ ಚಿಹ್ನೆಯೂ ಮೂಡಿತು. ಕನ್ನಡಕ ಹಾಕಿಕೊಂಡರೆ ಕಾಣುತ್ತದೆ.

ಅದನ್ನು ಕಾಣುವ ಹೊತ್ತಿಗೆ ನೀಲಕ್ಕ ಮನೆಯಲ್ಲಿರಲಿಲ್ಲ. ಮೊರಬದಲ್ಲಿ ಅವಳ ಮಗಳು ಶಾಂತಾ ಇದ್ದಾಳೆ. ಶಾಂತಾಳ ಮಗಳು ತವರಿಗೆ ಹೆರಿಗೆಗೆ ಬಂದಿದ್ದಳು. ಸುದ್ದಿ ಬಂದದ್ದೇ ನೀಲಕ್ಕ ಚೀಲ ತುಂಬಿದಳು. "ಬಾಣಂತಿ ನೀರು ಬಿಸಲಾಗ ಕಾಸೂದಲ್ಲವಾ. ಅದಕ್ಕ ಉರೀನ ಬೇಕು, ಉರೀಗೆ ನಾನ ಬೇಕು." ರಿಟೈರಾದ ಆಫೀಸರನ್ನು ಮತ್ತೆ ಕೆಲಸಕ್ಕೆ ಕರೆದ ಹಾಗಿತ್ತು ಅವಳ ನಡಿಗೆ. ಕೆಮ್ಮಿನ ಮಾತೆತ್ತಿದೆ. "ಕೆಮ್ಮು ನನ್ನ ಜೋಡಿ ಬರತೈತಿ, ನಿನಗೇನು ಬಿಟ್ಟು ಹೋಗೂದಿಲ್ಲ" ಅಂದಳು. ನನಗೆ ಬೇಡ ಎನ್ನುವ ಹಕ್ಕಿತ್ತೋ ಇಲ್ಲವೋ, ಧೈರ್ಯವಂತೂ ಇರಲಿಲ್ಲ. ಅಷ್ಟು ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು.

ಅವಳು ಮತ್ತೆ ಸಂಶಿಗೆ ಬರಲಿಲ್ಲ. ಯುಗಾದಿಗೆ ಮುಂಚೆ, ಅಲ್ಲೇ ನಿದ್ದೆಯಲ್ಲಿ ಹೋದಳು. ಅದಕ್ಕೂ ಮೊದಲು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಾನು ಮೊರಬಕ್ಕೆ ಹೋಗಿದ್ದೆ. ಕುಲಾಯಿ, ಖೊಬ್ಬರಿ, ಬೆಲ್ಲದ ಜೊತೆಗೆ ಆ ಬಿಲ್ಲನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ, ತೋರಿಸೋಣವೆಂದು. ಜನ, ಗದ್ದಲ, ಊಟ, ತೋರಿಸಲು ಆಗಲಿಲ್ಲ. ಮರುದಿನ ಮುಂಜಾನೆ ಬಸ್ಸಿಗೆ ಹೊರಡುವಾಗ ಹಿತ್ತಲಿಗೆ ಹೋದೆ. ನೀಲಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಣಂತಿ ಒಳಗೆ ಮೀಯುತ್ತಿದ್ದಳು. ಆ ಹುಡುಗಿ ಒಳಗಿನಿಂದ ಏನೋ ಅಂದಳು, ಅತ್ತೆಯ ಮೇಲಿನ ದೂರೇ ಇರಬೇಕು, ದನಿಯಿಂದಲೇ ಗೊತ್ತಾಯಿತು. ನೀಲಕ್ಕ ಕೆಮ್ಮುತ್ತ ನಗುತ್ತಿದ್ದಳು.

ಇಷ್ಟು ಓದಿ, ಇಷ್ಟು ವಯಸ್ಸಾಗಿ, ಹಾಲೂಡಿಸುವ ಒಂದು ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. "ಅಕ್ಕಾ, ನಾ ಬರ್ತೇನ್ರಿ" ಅಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಕಟ್ಟಿಗೆಯನ್ನೇ ಒಂದಿಷ್ಟು ಎತ್ತಿ ಆಡಿಸಿದಳು, ಹೋಗಿ ಬಾ ಎನ್ನುವ ಹಾಗೆ, ಮತ್ತು ಗೋಡೆಗೆ ಹೇಳಿದಳು: "ಹೂಂ, ಆಮ್ಯಾಲ ಏನಾತು?"