ಸೊಸೆಯ ಏಳು ಚೀಲ, ನನ್ನ ಒಂದು ಸೂಟ್‌ಕೇಸು

ತನಗೆ ಒಂದು ಕೆಲಸ ಬಹಳ ಚೆನ್ನಾಗಿ ಬರುತ್ತದೆ ಎಂದು ಮನುಷ್ಯನಿಗೆ ಗೊತ್ತಿರದಿದ್ದರೆ ಅವನ ಮನೆಯವರು ಸುಖವಾಗಿರುತ್ತಾರೆ. ಗೊತ್ತಿದ್ದು, ಅದರಲ್ಲೂ ಅವನು ನಿವೃತ್ತನಾಗಿ, ಆ ಕೆಲಸವನ್ನು ಅವನಿಗೆ ಯಾರೂ ಹೇಳದೆ ಹದಿನೈದು ವರ್ಷ ಕಳೆದಿದ್ದರೆ ಮನೆಯವರನ್ನು ದೇವರೇ ಕಾಪಾಡಬೇಕು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಯಶವಂತಪುರದ ಕಡೆ ನೀರಿನ ಪಂಪು ಮಾಡುತ್ತಿದ್ದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದವನು. ಮೂವತ್ತನಾಲ್ಕು ವರ್ಷ ಪಂಪುಗಳನ್ನು ಮರದ ಪೆಟ್ಟಿಗೆಗೆ ತುಂಬಿದೆ. ಅಲ್ಲಿ ಒಂದು ಪದ್ಧತಿ ಇತ್ತು. ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ ಮೇಸ್ತ್ರಿ ಬಂದು ಒಂದು ತುದಿ ಎತ್ತಿ ಅಲುಗಿಸಿ, ಕಿವಿಯಿಟ್ಟು ಕೇಳುತ್ತಿದ್ದ. ಒಳಗೆ ಚೂರು ಸದ್ದಾದರೂ ಪೂರಾ ಬಿಚ್ಚಿ ಮತ್ತೆ ತುಂಬಬೇಕು. ನನ್ನ ಪೆಟ್ಟಿಗೆಗಳು ಸದ್ದು ಮಾಡಿದ್ದೇ ಇಲ್ಲ. ಈ ಹೆಮ್ಮೆ ಎಷ್ಟು ಹಳೆಯದೆಂದರೆ, ಮದುವೆಯಲ್ಲಿ ಹೆಂಡತಿ ಜಯಮ್ಮನ ಜೊತೆ ಬಂದ ಟ್ರಂಕನ್ನೂ ನಾನು ಅಲುಗಿಸಿ ನೋಡಿದ್ದೆ. ಒಳಗೆ ಏನಿದೆ ಎಂದು ನೋಡುತ್ತಿದ್ದೇನೆಂದು ಅವಳ ಕಡೆಯವರು ತಿಳಿದುಕೊಂಡರು. ಆ ಮಾತು ಈಗಲೂ ಹಬ್ಬಕ್ಕೊಮ್ಮೆ ಎದ್ದು ಬರುತ್ತದೆ.

ಈಗ ತಪ್ಪೊಪ್ಪಿಗೆಗೆ ಬರುತ್ತೇನೆ. ನನ್ನ ಸೊಸೆ ರೇಣುಕಾ ಗದಗದವಳು. ಹೆಬ್ಬಾಳದ ಆಫೀಸೊಂದರಲ್ಲಿ ನನ್ನ ಮಗ ಮಹೇಶನಿಗೆ ಪರಿಚಯವಾಗಿ ನಮ್ಮ ಮನೆಗೆ ಬಂದವಳು. ಮೂವತ್ತು ತುಂಬಿದರೂ ಅವಳು ಸಮುದ್ರ ನೋಡಿರಲಿಲ್ಲ. "ನಮ್ಮೂರಾಗ ಕೆರಿ ತುಂಬಿದ್ರ ಅದ ದೊಡ್ಡ ಸುದ್ದಿರಿ" ಎಂದು ನಗುತ್ತಿದ್ದಳು. ಮಗು ಚಿನ್ನಿ ಹುಟ್ಟಿದ ಮೇಲೆ ಸಂಜೆ ಸಂಜೆ ಅವಳನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ನಿಂತು, "ಇದಕ್ಕಿಂತ ದೊಡ್ಡದು ತೋರಸ್ತೀನಿ ತಡಿ" ಅನ್ನುತ್ತಿದ್ದಳು. ಹದಿನಾಲ್ಕು ತಿಂಗಳ ಮಗುವಿಗೆ ನೀರಿಗಿಂತ ಏರಿಯ ಮೇಲಿನ ನಾಯಿಯೇ ಇಷ್ಟ. ಆದರೂ ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಆಫೀಸಿನಲ್ಲಿ ಒದ್ದಾಡಿ ಒಂದು ಶುಕ್ರವಾರ ರಜೆ ಪಡೆದಳು. ಹೊನ್ನಾವರದ ಹತ್ತಿರ ಸಮುದ್ರದ ಪಕ್ಕದಲ್ಲೇ ಒಂದು ರೂಮು ಗೊತ್ತಾಯಿತು. ಕಾರಿನಲ್ಲಿ ಐದು ಜನ, ಭಾನುವಾರ ವಾಪಸು.

ರೇಣುಕಾ ಒಂದು ವಾರ ಮೊದಲೇ ನಡುಮನೆಯ ಗೋಡೆಯ ಮೊಳೆಗಳಿಗೆ ಏಳು ಬಟ್ಟೆಯ ಚೀಲ ನೇತುಹಾಕಿದಳು. ಒಂದರಲ್ಲಿ ಒಂದೊಂದು ಫ್ರಾಕಿನ ಜೊತೆ ಒಂದೊಂದು ಡೈಪರ್ ಸುತ್ತಿಟ್ಟ ಉಂಡೆಗಳು. ಇನ್ನೊಂದರಲ್ಲಿ ರಾಗಿ ಸರಿಯ ಪುಡಿ, ಫ್ಲಾಸ್ಕು, ಬಟ್ಟಲು, ಚಮಚ. ಮತ್ತೊಂದರಲ್ಲಿ ಔಷಧಿ. ಹೀಗೆ ಒಂದೊಂದು ಬಣ್ಣದ ಚೀಲಕ್ಕೆ ಒಂದೊಂದು ಬಗೆಯ ಸಾಮಾನು. ಕಾರಿನಲ್ಲಿ ಎಲ್ಲವೂ ಅವಳ ಕಾಲಬುಡದಲ್ಲಿರಬೇಕು, ಕಣ್ಣು ಮುಚ್ಚಿಕೊಂಡು ಕೈಹಾಕಿದರೂ ಬೇಕಾದ್ದು ಸಿಗಬೇಕು, ಇದು ಅವಳ ಲೆಕ್ಕಾಚಾರ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. ಪ್ಯಾಕರ್ ಇರುವ ಮನೆಯಲ್ಲಿ ಸಾಮಾನು ಹೀಗೆ ಜೋತಾಡುವುದೇ! ಗುರುವಾರ ಅವಳು ಆಫೀಸಿಗೆ ಹೋದಳು, ಜಯಮ್ಮ ಕೋಗಿಲಿನಲ್ಲಿರುವ ತನ್ನ ಅಕ್ಕನ ಮನೆಗೆ ಮಗುವನ್ನು ಕರೆದುಕೊಂಡು ಹೋದಳು. ನಾನು ಅಟ್ಟದ ಮೇಲಿನ ದೊಡ್ಡ ಸೂಟ್‌ಕೇಸು ಇಳಿಸಿದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಥ ಸುಖ ನನಗೆ ನಿವೃತ್ತಿಯ ನಂತರ ಸಿಕ್ಕಿರಲಿಲ್ಲ. ಡೈಪರುಗಳನ್ನು ಬಿಡಿಸಿ ಫ್ಲಾಸ್ಕಿನ ಸುತ್ತ ಮೆತ್ತೆಯಾಗಿ ಕೊಟ್ಟೆ. ಫ್ರಾಕುಗಳನ್ನು ಪಾತ್ರೆಯೊಳಗೆ ತುರುಕಿದೆ. ಚಮಚವನ್ನು ಕಾಲುಚೀಲದೊಳಗೆ, ಕಾಲುಚೀಲವನ್ನು ಬಟ್ಟಲೊಳಗೆ. ಜ್ವರ ನೋಡುವ ಥರ್ಮಾಮೀಟರು ಒಡೆಯಬಾರದಲ್ಲ, ಅದನ್ನು ರಾಗಿ ಪುಡಿಯ ಡಬ್ಬಿಯೊಳಗೆ ಹೂತೆ. ಏಳು ಚೀಲದ ಸಾಮಾನು ಒಂದೇ ಸೂಟ್‌ಕೇಸಿನಲ್ಲಿ ಕುಳಿತಿತು. ಮುಚ್ಚಿ, ಎತ್ತಿ, ಅಲುಗಿಸಿ, ಕಿವಿಯಿಟ್ಟೆ. ನಿಶ್ಶಬ್ದ.

ಸಂಜೆ ರೇಣುಕಾ ಬಂದವಳು ಖಾಲಿ ಮೊಳೆಗಳನ್ನು ನೋಡಿ, "ಚೀಲ ಎಲ್ಲ್ಯಾವ್ರಿ ಮಾವಾರ?" ಅಂದಳು. "ಎಲ್ಲ ಒಂದರಲ್ಲೇ ಇದೆಯಮ್ಮ. ಬೇಕಾದ್ರೆ ಅಲುಗಿಸಿ ನೋಡು" ಅಂದೆ. "ದಾರಿಗೆ ಬೇಕಾದ್ದು ಕೈಗೆ ಸಿಗಬೇಕಲ್ರಿ?" "ಈಗ ಬಿಚ್ಚಿದ್ರೆ ಮತ್ತೆ ಹೀಗೆ ಕೂರಲ್ಲ ಕಣಮ್ಮ. ಬೇಕಾದಾಗ ನಾನೇ ಐದು ನಿಮಿಷದಲ್ಲಿ ತೆಗೆದುಕೊಡ್ತೀನಿ." ಅವಳು ಸೂಟ್‌ಕೇಸು ನೋಡಿದಳು, ನನ್ನನ್ನು ನೋಡಿದಳು. "ಛಲೋ ಆತ್ರಿ" ಅಂದು, ಬೀರುವಿನಿಂದ ಒಂದು ಫ್ರಾಕು, ಎರಡು ಡೈಪರು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡು ಒಳಗೆ ಹೋದಳು. "ನೋಡಿದ್ಯಾ, ಛಲೋ ಆಯ್ತಂತೆ" ಎಂದು ಜಯಮ್ಮನಿಗೆ ಹೇಳಿದೆ. "ಅದು ಹೊಗಳಿದ್ದಲ್ಲ ಕಣ್ರೀ" ಅಂದಳು ಜಯಮ್ಮ.

ಬೆಳಿಗ್ಗೆ ಸೂಟ್‌ಕೇಸನ್ನು ಕಾರಿನ ಮೇಲಿನ ಕ್ಯಾರಿಯರ್‌ಗೆ ಏರಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದೆ. ನಮ್ಮ ವಿಭಾಗದ ಗಂಟುಗಳು, ಒಟ್ಟು ಒಂಬತ್ತು. ತಿಪಟೂರಿನವರೆಗೆ ರೇಣುಕಾಳ ಕೈಚೀಲವೇ ನಮ್ಮನ್ನು ಕಾಪಾಡಿತು. ಅರಸೀಕೆರೆಯ ಹತ್ತಿರ ಮೊದಲ ಸಲ ನನ್ನ ಸರದಿ ಬಂತು. ಗಂಟು ಬಿಚ್ಚುತ್ತಾ ಹತ್ತು ನಿಮಿಷವಾದಾಗ ಮಹೇಶ, "ಅಪ್ಪ, ಕತ್ತರಿಸಿಬಿಡ್ಲಾ?" ಅಂದ. "ಹಗ್ಗ ಕತ್ತರಿಸೋನು ಪ್ಯಾಕರೇ ಅಲ್ಲ ಕಣೋ" ಎಂದು ಗದರಿದೆ. ಅಲ್ಲಿನ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಬಂದು ನಿಂತ. "ಏನ್ ಸಾರ್ ಇಷ್ಟು ಭದ್ರ? ಒಳಗೆ ದೇವ್ರ ವಿಗ್ರಹ ಇದ್ಯಾ?" "ಇಲ್ಲಪ್ಪ, ಡೈಪರ್ ಇದೆ" ಅಂದಳು ಜಯಮ್ಮ.

ಡೈಪರ್ ತೆಗೆದುಕೊಟ್ಟ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಅರ್ಧ ತುಂಬಿದ ಪೆಟ್ಟಿಗೆಯನ್ನು ರಸ್ತೆಗೆ ಬಿಡುವುದು ಹೇಗೆ? ಒಳಗೆ ಆದ ಜಾಗಕ್ಕೆ ಟವೆಲ್ಲು ತುರುಕಿ, ಅಲುಗಿಸಿ ನೋಡಿ, ಮತ್ತೆ ಒಂಬತ್ತು ಗಂಟು. ಒಟ್ಟು ಮುಕ್ಕಾಲು ಗಂಟೆ. ಶಿವಮೊಗ್ಗದಲ್ಲಿ ಮಗುವಿಗೆ ಹಸಿವಾಯಿತು. ಚಮಚ ಕಾಲುಚೀಲದಲ್ಲಿದೆ ಎಂಬುದು ನನಗೇ ಮರೆತುಹೋಗಿತ್ತು. ಮತ್ತೆ ಮುಕ್ಕಾಲು ಗಂಟೆ. ಪಂಪು ದಾರಿಯಲ್ಲಿ ಹಸಿವು ಅನ್ನುವುದಿಲ್ಲ, ಒದ್ದೆ ಮಾಡಿಕೊಳ್ಳುವುದಿಲ್ಲ. ಈ ವ್ಯತ್ಯಾಸ ನನಗೆ ಆವತ್ತೇ ಹೊಳೆದದ್ದು.

ಘಾಟಿಗೆ ಬರುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ತಿರುವುಗಳಲ್ಲಿ ಚಿನ್ನಿ ತಿಂದದ್ದನ್ನೆಲ್ಲ ಕಾರಿಕೊಂಡಳು, ತನ್ನ ಮೇಲೂ, ಅಮ್ಮನ ಮೇಲೂ. ರೇಣುಕಾ ಫ್ರಾಕು ಬಿಚ್ಚಿ, ಮಗುವನ್ನು ತನ್ನ ದುಪಟ್ಟಾದಲ್ಲಿ ಸುತ್ತಿಕೊಂಡು, ಕಾರಿನ ವಾಸನೆ ತಾಳಲಾರದೆ ರಸ್ತೆಯ ಬದಿಯಲ್ಲಿ ನಿಂತಳು. ತಣ್ಣನೆಯ ಗಾಳಿ ಬೀಸುತ್ತಿತ್ತು. "ಮಾವಾರ, ಲಗೂನ ತಗೀರಿ" ಅಂದಳು, ಅಷ್ಟೆ. ಗಂಟುಗಳು ಮಂಜಿಗೆ ಬಿಗಿದುಕೊಂಡಿದ್ದವು. ನಾನು ಆಗಲೂ ಚಾಕು ಕೇಳಲಿಲ್ಲ. ಕೊನೆಗೆ ಮಹೇಶನೇ ಬಂದು, ಜಯಮ್ಮ ಹಣ್ಣು ಹೆಚ್ಚಲು ತಂದಿದ್ದ ಚಾಕುವಿನಿಂದ ಹಗ್ಗ ಕತ್ತರಿಸಿದ. ಸಂಜೆ ನಾಲ್ಕೂವರೆಗೆ ತಲುಪಬೇಕಾದವರು ತಲುಪಿದಾಗ ಕತ್ತಲಾಗಿತ್ತು. ತಡವಾದದ್ದರಿಂದ ಸಮುದ್ರದ ಕಡೆಯ ರೂಮು ಬೇರೆಯವರ ಪಾಲಾಗಿ, ನಮಗೆ ಹಿಂಬದಿಯದು ಸಿಕ್ಕಿತು. ಕಿಟಕಿ ತೆರೆದರೆ ತೆಂಗಿನ ಮರಗಳು. ಅವುಗಳ ಆಚೆಯಿಂದ ಸಮುದ್ರದ ಸದ್ದು ಕೇಳುತ್ತಿತ್ತು.

ಬೆಳಿಗ್ಗೆ ಮಗುವಿನ ಮೈ ಕೆಂಡ. ಥರ್ಮಾಮೀಟರು ಎಲ್ಲಿಟ್ಟೆನೆಂದು ನೆನಪಾಗಲಿಲ್ಲ, ಜಯಮ್ಮ ಅಂಗೈ ಇಟ್ಟು ನೋಡಿದಳು. ಡಾಕ್ಟರು ಗಾಬರಿಯೇನಿಲ್ಲ, ಎರಡು ದಿನ ಗಾಳಿಗೆ ಒಡ್ಡಬೇಡಿ ಅಂದರು. ರೇಣುಕಾ, "ಇದು ನನ್ನ ಬಿಟ್ಟು ಇರೂದಿಲ್ಲ. ನೀವು ಹೋಗಿ ಬರ್ರಿ" ಅಂದಳು. ನಾವು ಹೋದೆವು. ಮುದುಕರಿಬ್ಬರನ್ನೇ ನೀರಿಗೆ ಬಿಡಬಾರದೆಂದು ಮಹೇಶನೂ ಬಂದ. ಅಲೆಗಳು ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋದವು. ಜಯಮ್ಮ ನಾಲ್ಕು ಜನರ ಎದುರು ನನ್ನ ಕೈ ಹಿಡಿದುಕೊಂಡಳು, ನಲವತ್ತು ವರ್ಷದಲ್ಲಿ ಮೊದಲ ಸಲ. ಚುರುಮುರಿ ತಿಂದೆ. ಬಹಳ ಖುಷಿಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ. ಬಂದು ರೇಣುಕಾಳಿಗೆ, "ನೀಲಿ ಅಲ್ಲಮ್ಮ, ಒಂಥರಾ ಬೂದಿ ಬಣ್ಣ" ಎಂದು ವರ್ಣಿಸಿದೆ. ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದವಳು "ಹೌದ್ರಿ?" ಅಂದಳು. ಅವಳಿಗೆಂದು ನೀರಿನ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಸಿ ತಂದಿದ್ದೆ. ಬೆಳಕಿಗೆ ಹಿಡಿದು ನೋಡಿ, "ನಮ್ಮೂರ ಕೆರಿ ನೀರಿನಂಗ ಐತಲ್ರಿ" ಎಂದು ನಕ್ಕು ಪಕ್ಕಕ್ಕಿಟ್ಟಳು. ಶನಿವಾರ ರಾತ್ರಿ ಜ್ವರ ಇಳಿಯಿತು. ಸೋಮವಾರ ಆಫೀಸು ಇದ್ದದ್ದರಿಂದ ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಅವಳು ಸಮುದ್ರ ನೋಡಲೇ ಇಲ್ಲ.

ಮೂರು ವಾರ ಇದು ನನ್ನನ್ನು ಕೊರೆಯಿತು. ನಿನ್ನೆ ಸಂಜೆ ಅವಳು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಹತ್ತಿ ಹೋದೆ. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. "ರೇಣುಕಾ, ನಿನ್ನ ಚೀಲ ಬಿಚ್ಚಿದ್ದು ತಪ್ಪು. ಆ ಗಂಟು ಹಾಕಿದ್ದು ತಪ್ಪು. ಚಾಕು ಬೇಡ ಅಂದದ್ದಂತೂ ದೊಡ್ಡ ತಪ್ಪು. ಕ್ಷಮಿಸಮ್ಮ" ಅಂದೆ.

"ಅದಕ್ಕ ನನಗ ಸಿಟ್ಟಿಲ್ಲ ಬಿಡ್ರಿ ಮಾವಾರ" ಅಂದಳು. ಎರಡು ಫ್ರಾಕು ಮಡಚಿದ ಮೇಲೆ ಮತ್ತೆ ಮಾತಾಡಿದಳು. "ಶನಿವಾರ ಮಧ್ಯಾಹ್ನ ಕೂಸು ಮೂರು ತಾಸು ಮಲಗಿತ್ರಿ. ಅವರು ಗುಳಿಗಿ ತರಾಕ ಪ್ಯಾಟಿಗೆ ಹೋಗಿದ್ರು, ಅತ್ತಿ ಮಲಗಿದ್ರು. ನೀವು ಬಾಗಿಲಾಗ ಕುಂತು ಪೇಪರ್ ಓದಾಕತ್ತಿದ್ರಿ. ‘ನಾ ಕುಂದರ್ತೀನಿ, ನೀ ಹೋಗಿ ನೋಡಿ ಬಾ’ ಅಂತ ಒಂದ್ ಮಾತು ಅಂದಿದ್ರ ಸಾಕಿತ್ರಿ. ಎರಡು ನಿಮಿಷದ ದಾರಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಾನು ಜೋಡಿಸಿಕೊಂಡು ಹೋಗಿದ್ದ ತಪ್ಪುಗಳಲ್ಲಿ ಇದು ಇರಲೇ ಇಲ್ಲ. ಆ ಮೂರು ಗಂಟೆಯಲ್ಲಿ ಅಂಥ ಯೋಚನೆ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಪೇಪರಿನಲ್ಲಿ ಏನು ಓದಿದೆನೋ ಅದೂ ಈಗ ನೆನಪಿಲ್ಲ. ಏನಾದರೂ ಹೇಳಲೇಬೇಕಲ್ಲ ಎಂದು, "ನೀನೇ ಒಂದು ಮಾತು ಕೇಳಬಹುದಿತ್ತಲ್ಲಮ್ಮ" ಅಂದುಬಿಟ್ಟೆ.

ಅಂದ ತಕ್ಷಣ ನನಗೇ ಗೊತ್ತಾಯಿತು. ಕ್ಷಮೆ ಕೇಳಲೆಂದು ಮಹಡಿ ಹತ್ತಿದವನು, ಒಂದು ತಪ್ಪು ಹೆಚ್ಚಿಗೆ ಮಾಡಿಕೊಂಡು ಕೆಳಗಿಳಿದೆ.