ಹೆಂಡತಿಯ ಹೆಸರಿನ ಪಾಸ್‌ವರ್ಡ್

ನನಗೊಂದು ಕೆಟ್ಟ ಚಟವಿದೆ. ಯಾವುದನ್ನಾದರೂ ಭದ್ರವಾಗಿ ಇಡಬೇಕು ಅಂತ ನಾನು ಮನಸ್ಸು ಮಾಡಿದರೆ ಅದು ಕಳ್ಳನಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಸ್ಕೂಟರಿನ ಎರಡನೇ ಕೀಲಿಯಿಂದ ಹಿಡಿದು ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರದವರೆಗೆ ಎಲ್ಲವೂ ನಮ್ಮ ಹಿಂದವಾಡಿಯ ಮನೆಯೊಳಗೇ ಬಹಳ ಭದ್ರವಾಗಿವೆ. ಎಲ್ಲಿ ಅಂತ ಮಾತ್ರ ಕೇಳಬೇಡಿ. ಸ್ಮಾರ್ಟ್‌ಫೋನ್ ಬಂದ ಮೇಲಂತೂ ಈ ಚಟಕ್ಕೆ ಪಾಸ್‌ವರ್ಡ್ ಅನ್ನುವ ಹೊಸ ಬಲ ಬಂತು. ಅಲ್ಲಿಯವರೆಗೆ ವಸ್ತುಗಳನ್ನು ಮಾತ್ರ ಕಳೆದುಕೊಳ್ಳುತ್ತಿದ್ದವನು, ಕೈಯಲ್ಲಿ ಹಿಡಿದ ವಸ್ತುವಿನೊಳಗೇ ಎಲ್ಲವನ್ನೂ ಕಳೆದುಕೊಳ್ಳುವುದನ್ನು ಕಲಿತೆ.

ನನ್ನ ಹಳೆಯ ಫೋನು ಗಣಪತಿಯ ಹಾಗೆ ಹೊಟ್ಟೆ ಬಿಟ್ಟಿತ್ತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿತ್ತು. ಒಳಗೂ ಕಾಲಿಡಲು ಜಾಗವಿರಲಿಲ್ಲ. ಹೇಗಿದ್ದೀತು? ನಮ್ಮ ಬಳಗದವರು ಬೆಳಗಾಗುತ್ತಲೇ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುತ್ತಾರೆ. ಕಳಿಸದಿದ್ದರೆ ಸೂರ್ಯ ಹುಟ್ಟುವುದಿಲ್ಲ ಅಂತ ಅವರ ನಂಬಿಕೆ. ಕೊನೆಗೆ ಹೊಸ ಫೋನು ತಂದೆ. ತೀರಾ ದುಬಾರಿಯೂ ಅಲ್ಲ, ತೀರಾ ಅಗ್ಗವೂ ಅಲ್ಲ. ನನ್ನ ಹಾಗೇ ನಡುಮಟ್ಟದ್ದು. ಫೋಟೋ, ನಂಬರು ಎಲ್ಲ ಸಲೀಸಾಗಿ ಹೊಸ ಫೋನಿಗೆ ಬಂದವು. ಅದನ್ನು ನೋಡಿ ನನಗೆ ಎಷ್ಟು ಧೈರ್ಯ ಬಂತೆಂದರೆ, ಹಳೆಯದನ್ನು ಒಳಗಿಂದ ಪೂರ್ತಿ ಅಳಿಸಿ ಅಂಗಡಿಯವರಿಗೆ ಒಪ್ಪಿಸಿಬಿಟ್ಟೆ. ಮನೆಗೆ ಬಂದು ವಾಟ್ಸಾಪ್ ತೆರೆದರೆ ಅದು ತಣ್ಣಗೆ ಕೇಳಿತು: ನಿಮ್ಮ ಬ್ಯಾಕಪ್‌ನ ಪಾಸ್‌ವರ್ಡ್ ಏನು?

ಆ ಬ್ಯಾಕಪ್‌ನಲ್ಲಿ ಇದ್ದದ್ದು ಗುಲಾಬಿಗಳಷ್ಟೇ ಆಗಿದ್ದರೆ ನಾನು ಪಾಸ್‌ವರ್ಡನ್ನು ಮರೆತ ಸಂತೋಷಕ್ಕೆ ಪೇಢೆ ಹಂಚುತ್ತಿದ್ದೆ. ಆದರೆ ಅದರಲ್ಲಿ ನನ್ನ ಹೆಂಡತಿಯ ದನಿ ಇತ್ತು. ಅವಳು ಶಾಲೆಯ ಟೀಚರು. ಬಹಳ ವರ್ಷ ಖಾನಾಪುರದ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಸಂಜೆ ಬಸ್ಸು ಹತ್ತಿದ ಕೂಡಲೇ ನನಗೊಂದು ವಾಯ್ಸ್ ಮೆಸೇಜು. ಕುಕ್ಕರ್ ಇಡಿ ಅಂತ ಶುರುವಾದದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಶಾಲೆಯಲ್ಲಿ ಯಾರು ಅತ್ತರು, ಹೆಡ್‌ಮಾಸ್ತರರು ಯಾಕೆ ಮುನಿಸಿಕೊಂಡರು, ಪಕ್ಕದ ಸೀಟಿನ ಮಾವಶಿ ಬುಟ್ಟಿಯಲ್ಲಿ ಏನು ಒಯ್ಯುತ್ತಿದ್ದಾರೆ. ಹಿಂದೆ ಕಂಡಕ್ಟರ್ ಕೂಗು, ಕಿಟಕಿಯ ಗಾಜಿನ ಗಡಗಡ. ಈಗ ಅವಳಿಗೆ ಊರೊಳಗಿನ ಶಾಲೆಗೇ ವರ್ಗವಾಗಿದೆ, ಸಂಜೆ ನನಗಿಂತ ಮೊದಲೇ ಮನೆಯಲ್ಲಿರುತ್ತಾಳೆ. ಆದರೆ ಎದುರಿಗೆ ಕುಳಿತ ಗಂಡನಿಗೆ ಯಾವ ಹೆಂಡತಿ ಅಷ್ಟೆಲ್ಲ ಹೇಳುತ್ತಾಳೆ? ಹಾಗಾಗಿ ನನಗೆ ಆ ಬಸ್ಸಿನ ದನಿ ಬೇಕಾಗಿತ್ತು. ಇದನ್ನು ಅವಳಿಗೆ ಹೇಳಲು ನಾಚಿಕೆಯಾಗಿ, ವಾಟ್ಸಾಪ್‌ಗೆ ಬಂದಿದ್ದ ನಮ್ಮ ಫ್ಯಾಕ್ಟರಿಯ ಫೋಟೋ ಬೇಕಾಗಿವೆ ಅಂದೆ.

"ಪಾಸ್‌ವರ್ಡ್ ಏನ್ ಇಟ್ಟಿದ್ರಿ?" ಅಂದಳು.

"ನಿನ್ನ ಹೆಸರು. ಅದೊಂದ ಖಾತ್ರಿ ಐತಿ. ಇಡುವಾಗ ನಿನ್ನ ಹೆಸರಾದ್ರ ಎಂದೂ ಮರಿಯೂದಿಲ್ಲ ಅಂತ ನಕ್ಕಿದ್ದು ಸೈತ ನೆನಪೈತಿ."

ಅವಳ ಮುಖ ಸ್ವಲ್ಪ ಅರಳಿತು ಅಂತ ಕಾಣುತ್ತದೆ. ನಾನು ಇಂಗ್ಲಿಷ್ ಅಕ್ಷರದಲ್ಲಿ 'ಸುನಂದಾ' ಅಂತ ಹೊಡೆದೆ. ಫೋನು ಒಪ್ಪಲಿಲ್ಲ. ಕೊನೆಗೊಂದು ಎ ಹೆಚ್ಚಿಗೆ ಹಾಕಿದೆ, ಒಂದು ತೆಗೆದೆ. ಒಪ್ಪಲಿಲ್ಲ. ಆಗ ಹೊಳೆಯಿತು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಅದರಲ್ಲಿ ಬೆರಳಿನಿಂದ ಬರೆಯಬೇಕು. ಸುನಂದಾ ಅಂತ ನಾನೇ ಬರೆದದ್ದು, ನನ್ನ ಅವ್ವ ಹೇಳಿಕೊಟ್ಟಂತೆ. ತವರಿನ ಹೆಸರು ಮಂಗಲ. ಅದನ್ನೂ ಹೊಡೆದೆ. ಊಹೂಂ.

"ತಡೀರಿ, ತೊಟ್ಟಿಲದಾಗ ಇಟ್ಟ ಹೆಸರ ಬ್ಯಾರೇನ ಐತಿ, ನನಗೂ ನೆನಪಿಲ್ಲ. ಅವ್ವನ್ನ ಕೇಳ್ರಿ," ಅಂತ ಅವಳೇ ಖಾನಾಪುರದ ತವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ನಾನು ಗಂಟಲು ಸರಿ ಮಾಡಿಕೊಂಡು, "ಅತ್ತಿ, ನಿಮ್ಮ ಮಗಳ ಖರೇ ಹೆಸರು ಏನ್ರಿ?" ಅಂದೆ.

ಅತ್ತೆಯವರು ಆ ಕಡೆಯಿಂದ ಕೂಗಿದರು.

"ಅಗ ಬಾಯಿ! ಅಳಿಯಂದ್ರ, ಆರಾಮ ಅದೀರಿಲ್ಲೊ? ನಿಮ್ಮ ಮಗಳು ಲಗ್ನದ ವಯಸ್ಸಿಗೆ ಬಂದಾಳ, ಇನ್ನ ಹೆಂಡತಿ ಹೆಸರ ಕೇಳ್ತೀರಲ್ಲ!"

"ಹಂಗಲ್ರೀ ಅತ್ತಿ, ಫೋನ್ ಕೇಳಾಕತ್ತೈತಿ."

"ಫೋನಿಗ್ಯಾಕ ಬೇಕ್ರಿ ನನ್ನ ಮಗಳ ಹೆಸರು? ಹೇಳಬ್ಯಾಡ್ರಿ! ಮೊನ್ನೆ ಬಾಜೂ ಮನಿ ಕಾಕೂಗ ಹಿಂಗ ಎಲ್ಲಾ ಕೇಳಿ ಕೇಳಿ ಬ್ಯಾಂಕಿನ ರೊಕ್ಕ ತಗೊಂಡ ಹೋದ್ರು!"

ಹೆಸರು ಕೇಳುತ್ತಿರುವವನು ಕಳ್ಳನಲ್ಲ, ನಿಮ್ಮ ಅಳಿಯನೇ ಅಂತ ರುಜುವಾತು ಮಾಡುವಷ್ಟರಲ್ಲಿ ಸಾಕಾಯಿತು. ತೊಟ್ಟಿಲ ಹೆಸರು ನೀಲವ್ವ ಅಂತ ಕೊನೆಗೂ ಹೇಳಿದರು. ನೀಲವ್ವನಿಗೂ ಬಾಗಿಲು ತೆರೆಯಲಿಲ್ಲ. ತಪ್ಪು ಬಹಳವಾಯಿತು, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ ಫೋನು ನನ್ನನ್ನು ಹೊರಗೆ ನಿಲ್ಲಿಸಿತು.

ಅವಳು ಚಹಾ ತಂದಿಟ್ಟು ಎದುರಿಗೆ ಕುಳಿತಳು. ಮುಖ ಅರಳಿದ್ದು ಈಗ ಮುದುಡಿತ್ತು. "ಖರೇ ಹೇಳ್ರಿ, ಯಾರ ಹೆಸರ ಇಟ್ಟಿದ್ರಿ?"

"ನಿನ್ನಾಣಿ, ನಿಂದನ!"

"ನನ್ನ ಹೆಸರ ಹಿಡದ ನೀವು ಎಂದರ ಕರದೀರೇನ್? ಅಕ್ಕ್ಯಾಗ ಒಮ್ಮೆ ಬರದ್ರಿ, ಮುಗೀತು. ಹೊರಗಿಂದ ಬಂದ್ರಂದ್ರ ಬಾಗಲದಾಗ ನಿಂತ ಒದರೂದು ಒಂದ: ಏ, ಕೇಳ್ತೈತೇನ?"

ಚಹಾ ನನ್ನ ನೆತ್ತಿಗೇರಿತು. ಕೆಮ್ಮುತ್ತಲೇ ಫೋನಿನ ಕಡೆ ಕೈ ಮಾಡಿದೆ. ಇಡುವಾಗ ನಕ್ಕದ್ದು ಅದಕ್ಕೇ! ನಾನು ಅವಳನ್ನು ಕರೆಯುವ ಹೆಸರನ್ನೇ ಇಟ್ಟಿದ್ದೆ, ಯಾವ ಕಳ್ಳನಿಗೂ ಹೊಳೆಯಬಾರದು ಅಂತ. ಕಾಯುವ ಹೊತ್ತು ಮುಗಿದ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ 'ಕೇಳ್ತೈತೇನ' ಅಂತ ಹೊಡೆದೆ. ಫೋನು ಮಾತಿಲ್ಲದೆ ಬಾಗಿಲು ತೆರೆಯಿತು. ವರ್ಷಗಟ್ಟಲೆ ಅವಳೂ ಆ ಕರೆಗೆ ಹಾಗೇ ಬಂದು ಬಾಗಿಲು ತೆರೆದಿದ್ದಾಳೆ.

ಸಂದೇಶಗಳು ಒಂದೊಂದಾಗಿ ಇಳಿದವು. ನಾನು ತಡೆಯಲಾರದೆ ಅವಳ ಹೆಸರಿನ ಮೇಲೇ ಬೆರಳಿಟ್ಟೆ. ಬಸ್ಸಿನ ದನಿಗಳು ಸಾಲು ಸಾಲಾಗಿ ಬಂದವು. "ಫ್ಯಾಕ್ಟರಿ ಫೋಟೋ ಅಂದ್ರಿ?" ಅಂತ ಅವಳು ನಕ್ಕು, ಕನ್ನಡಕ ಏರಿಸಿ ಹತ್ತಿರ ಸರಿದಳು. ಅಷ್ಟೇ ಆಗಿದ್ದರೆ ನಾನು ಆವತ್ತು ಒಳ್ಳೆಯ ಗಂಡನಾಗಿ ಮಲಗುತ್ತಿದ್ದೆ. ಆದರೆ ಉತ್ತರಪತ್ರಿಕೆ ತಿದ್ದುವವರ ಕಣ್ಣು ಸುಮ್ಮನಿರುವುದಿಲ್ಲ.

"ಈ ಮೈಕಿನ ಗುರ್ತು ಕೆಲವು ನೀಲಿ ಅದಾವ, ಕೆಲವು ಹಸರ ಯಾಕ ಅದಾವ್ರಿ?"

ಯಾಕೆಂದರೆ ಕೇಳಿದವು ನೀಲಿಯಾಗುತ್ತವೆ, ಕೇಳದವು ಹಸಿರಾಗೇ ಉಳಿಯುತ್ತವೆ. ಉದ್ಯಮಬಾಗದ ನಮ್ಮ ಫೌಂಡ್ರಿಯ ಗದ್ದಲದಲ್ಲಿ ವಾಯ್ಸ್ ಕೇಳಲು ಆಗುತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದರಾಯಿತು ಅಂತ ಒಂದು ಹೆಬ್ಬೆರಳು ಒತ್ತಿ ಕಳಿಸುತ್ತಿದ್ದೆ. ಪ್ರತಿಯೊಂದು ಹಸಿರು ಮೈಕಿನ ಕೆಳಗೂ ನನ್ನ ಹೆಬ್ಬೆರಳು ಠಾಕುಠೀಕಾಗಿ ನಿಂತಿತ್ತು. ಒಂದೂ ಕಳೆದಿರಲಿಲ್ಲ.

ಅವಳೇ ಒಂದು ಹಸಿರನ್ನು ಒತ್ತಿದಳು. ಗಾಜಿನ ಗಡಗಡದ ನಡುವೆ ಅವಳ ದನಿ: "ಇವತ್ತ ಸಾಲ್ಯಾಗ ಹುಡುಗ್ರು ನನ್ನ ಹುಟ್ಟಿದ ಹಬ್ಬ ಮಾಡಿದ್ರು. ಯಾರ ಹೇಳಿದ್ರೋ ಏನೋ. ನೀವು ಬರುವಾಗ ಒಂದ ಅಬೋಲಿ ಹೂವಿನ ಮಾಲಿ ತರ್ರಿ, ಮನಿಯಾಗೂ ಹಬ್ಬ ಆದಂಗ ಆಗ್ತೈತಿ." ಕೆಳಗೆ ಹೆಬ್ಬೆರಳು.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಎರಡು ಮಾತಾಡಿ ಪಾರಾಗುತ್ತಿದ್ದೆ. "ಚಲೋ ಆತಲ್ಲ, ಎಲ್ಲಾ ವಾಪಸ್ ಬಂತು," ಅಂದು ಕಪ್ಪು ತೊಳೆಯಲು ಎದ್ದುಹೋದಳು. ನಾನು ಚಪ್ಪಲಿ ಮೆಟ್ಟಿದೆ.

ರಸ್ತೆಯ ತುದಿಯಲ್ಲಿ ಹೂ ಮಾರುವ ಮಾವಶಿ ಅಬೋಲಿ ಮಾಲೆಯನ್ನು ಎಲೆಯಲ್ಲಿ ಸುತ್ತುತ್ತ, "ಏನ್ರಿ ಸಾಹೇಬ್ರ, ನೀವು ಹೂ ತಗೊಂಡಿದ್ದು ಎಂದೂ ನೋಡಿಲ್ಲ. ಏನ್ ವಿಶೇಷ?" ಅಂದಳು.

"ಮನ್ಯಾಗ ಹುಟ್ಟಿದ ಹಬ್ಬ."

"ಇವತ್ತೇನ್ರಿ?"

"ಆಗಿ ಭಾಳ ವರ್ಷ ಆತು. ಖಾನಾಪುರ ಬಸ್ಸಿನಾಗಿಂದ ಕಳಿಸಿದ ಮೆಸೇಜ್ ಇವತ್ತ ಮುಟ್ಟೇತಿ."

"ಖಾನಾಪುರ ಕಡೆ ನೆಟ್‌ವರ್ಕ್ ಭಾಳ ತ್ರಾಸ ಬಿಡ್ರಿ," ಅಂದಳು ಮಾವಶಿ ಮರುಕದಿಂದ.

ತ್ರಾಸು ಇದ್ದದ್ದು ಹಿಂದವಾಡಿಯ ಕಡೆ ಅಂತ ಹೇಳದೆ, ಇನ್ನೊಂದು ಮಾಲೆ ಕಟ್ಟಿಸಿಕೊಂಡೆ. ಹಸಿರು ಮೈಕುಗಳು ಇನ್ನೂ ಬಹಳ ಉಳಿದಿದ್ದವು.